ಬಾಯಲ್ಲಿ ಜಪಸರ, ಮನಸ್ಸು ಇನ್ನೆಲ್ಲೋ

ಪ್ರಶ್ನೆ: ನನಗೆ 36 ವರ್ಷ. ಕೆಂಗೇರಿಯಲ್ಲಿ ಮನೆ, ಇಂದಿರಾನಗರದಲ್ಲಿ ಆಫೀಸು. ದಿನಾ ಮೆಟ್ರೋದಲ್ಲಿ ಓಡಾಡುತ್ತೇನೆ. ಹೋದ ವರ್ಷ ಅಮ್ಮ ತೀರಿಕೊಂಡರು. ಅವರ ಜಪಸರ (ರೋಸರಿ) ಈಗ ನನ್ನ ಹತ್ತಿರ ಇದೆ. ರೈಲು ಹತ್ತಿದ ತಕ್ಷಣ ಅದನ್ನು ಕೈಗೆ ತೆಗೆದುಕೊಂಡು ಐದು ಹತ್ತುಮಣಿ, ಅಂದರೆ ಹತ್ತು ಹತ್ತು ಮಣಿಯ ಐದು ಸುತ್ತು, ಹೇಳಲು ಕೂರುತ್ತೇನೆ. ಆದರೆ ಬಾಯಿ ಮರಿಯಮ್ಮನವರ ಪ್ರಾರ್ಥನೆ ‘ನಮೋ ಮರಿಯೆ’ ಹೇಳುತ್ತಿರುತ್ತದೆ, ಮನಸ್ಸು ಆಫೀಸಿನಲ್ಲೋ ಮಗನ ಸ್ಕೂಲಿನಲ್ಲೋ ಇರುತ್ತದೆ. ರಹಸ್ಯಗಳನ್ನು, ಅಂದರೆ ಯೇಸು ಮತ್ತು ಮರಿಯಮ್ಮನವರ ಬದುಕಿನ ಘಟನೆಗಳನ್ನು, ಧ್ಯಾನ ಮಾಡುತ್ತಾ ಹೇಳಬೇಕು ಎಂದು ಚರ್ಚಿನಲ್ಲಿ ಹೇಳುತ್ತಾರೆ. ಬಾಯಲ್ಲಿ ಒಂದು, ಮನಸ್ಸಲ್ಲಿ ಇನ್ನೊಂದು, ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಧ್ಯಾನದ ಕ್ಲಾಸಿಗೆ ಹೋಗುವ ಗೆಳತಿ ‘ಇದು ಬರೀ ಬಾಯಿಪಾಠ, ಧ್ಯಾನ ಅಲ್ಲ’ ಎಂದಳು. ಬೇರೆ ಕ್ರೈಸ್ತ ಸಭೆಗೆ ಹೋಗುವ ನಮ್ಮ ಅತ್ತಿಗೆ ‘ಹೇಳಿದ್ದನ್ನೇ ಹೇಳಬೇಡಿ ಎಂದು ಯೇಸುಸ್ವಾಮಿಯೇ ಹೇಳಿದ್ದಾರಲ್ಲ’ ಎನ್ನುತ್ತಾರೆ. ಯಾವ ದಿನ ಐದೂ ಮುಗಿಯುವುದಿಲ್ಲವೋ ಆ ದಿನವಿಡೀ ತಪ್ಪು ಮಾಡಿದ ಹಾಗೆ ಅನಿಸುತ್ತದೆ. ಇನ್ನೊಂದು ಮಾತು. ಅಮ್ಮನ ಜಪಸರದಲ್ಲಿ ಒಂದು ಮಣಿ ಬಿದ್ದುಹೋಗಿದೆ. ಅದನ್ನು ಬಳಸಬಹುದಾ?

ಉತ್ತರ: ತಂಗಿ, ನೀವು ನಾಲ್ಕೈದು ಪ್ರಶ್ನೆ ಕೇಳಿದ್ದೀರಿ. ಆದರೆ ಬೇರು ಒಂದೇ. ಬಾಯಿ ಮತ್ತು ಮನಸ್ಸು ಒಟ್ಟಿಗೆ ಕೂತು ಹೇಗೆ ಪ್ರಾರ್ಥನೆ ಮಾಡುತ್ತವೆ ಅನ್ನುವುದು. ಅದನ್ನೇ ಮೊದಲು ಹಿಡಿದುಕೊಳ್ಳುತ್ತೇನೆ.

ನಾನು ಇಪ್ಪತ್ತೈದು ವರ್ಷಗಳಿಂದ ಬೆಂಗಳೂರಿನ ಧರ್ಮಕೇಂದ್ರಗಳಲ್ಲಿ ಜ್ಞಾನೋಪದೇಶ ಹೇಳಿಕೊಡುತ್ತಿದ್ದೇನೆ. ಧ್ಯಾನಕೂಟಗಳಲ್ಲಿ ಜನರ ಜೊತೆ ಕೂರುತ್ತೇನೆ. ಈ ಪ್ರಶ್ನೆ ಬಾರದ ಧ್ಯಾನಕೂಟ ಒಂದೂ ನೆನಪಿಲ್ಲ. ಎಲ್ಲರೂ ತಗ್ಗಿದ ದನಿಯಲ್ಲೇ ಕೇಳುತ್ತಾರೆ, ತಮಗೊಬ್ಬರಿಗೇ ಹೀಗೆ ಆಗುತ್ತಿದೆ ಅನ್ನುವ ಹಾಗೆ. ಅವರಿಗೆಲ್ಲ ನಾನು ಮೊದಲು ಹೇಳುವುದು ಲಿಸ್ಯೂದ ಸಂತ ತೆರೇಸಾ ಅವರ ಮಾತು. ಫ್ರಾನ್ಸಿನ ಈ ಕಾರ್ಮೆಲ್ ಮಠದ ಕನ್ಯಾಸ್ತ್ರೀ 1897ರಲ್ಲಿ, 24ನೇ ವಯಸ್ಸಿಗೆ ತೀರಿಕೊಂಡರು. ನೂರು ವರ್ಷದ ನಂತರ ಪೋಪ್ ಎರಡನೆಯ ಜಾನ್ ಪಾಲ್ ಅವರನ್ನು ಇಡೀ ಧರ್ಮಸಭೆಗೆ ಪಾಠ ಹೇಳಬಲ್ಲ ಪಂಡಿತೆ ಎಂದು ಸಾರಿದರು. ಅಂಥವರು ತಮ್ಮ ಆತ್ಮಕಥೆಯಲ್ಲಿ ಏನು ಬರೆದುಕೊಂಡಿದ್ದಾರೆ ಗೊತ್ತಾ? ಒಬ್ಬಳೇ ಕೂತು ಜಪಸರ ಹೇಳುವುದು, ದೇಹ ದಂಡಿಸುವ ಸಾಧನವನ್ನು ತೊಟ್ಟುಕೊಳ್ಳುವುದಕ್ಕಿಂತ ತನಗೆ ಕಷ್ಟ ಎಂದು. ಎಷ್ಟು ಬಲವಂತ ಮಾಡಿದರೂ ರಹಸ್ಯಗಳ ಮೇಲೆ ಮನಸ್ಸು ನಿಲ್ಲುವುದಿಲ್ಲ ಎಂದು. ಬಹಳ ದಿನ ಅದಕ್ಕಾಗಿ ನೊಂದುಕೊಂಡರು. ಆಮೇಲೆ ಮರಿಯಮಾತೆ ತನ್ನ ಒಳ್ಳೆಯ ಮನಸ್ಸನ್ನು ನೋಡುತ್ತಾರೆ, ಅಷ್ಟು ಸಾಕು ಎಂದು ಸಮಾಧಾನ ಮಾಡಿಕೊಂಡರು. ಮೆಟ್ರೋದಲ್ಲಿ ಕೂತ ನಿಮಗೆ ಆಗುತ್ತಿರುವುದು ಮಠದ ನಾಲ್ಕು ಗೋಡೆಯೊಳಗೆ ಅವರಿಗೂ ಆಗಿತ್ತು.

ಈಗ ಬಾಯಿ, ಮನಸ್ಸಿನ ವಿಷಯ. ನಿಮ್ಮ ಮಗ ಕೂಸಾಗಿದ್ದಾಗ ತೊಟ್ಟಿಲ ಪಕ್ಕ ಕೂತು ಜೋಗುಳ ಹಾಡಿರುತ್ತೀರಿ, ಅಲ್ವಾ? ‘ಜೋ ಜೋ’ ಎಂದು ಎಷ್ಟು ಸಲ ಹೇಳಿರುತ್ತೀರಿ? ನೂರು ಸಲ, ಇನ್ನೂರು ಸಲ. ಆಗ ಆ ಪದದ ಅರ್ಥ ಯೋಚಿಸುತ್ತಿದ್ದಿರಾ? ಇಲ್ಲ. ನಿಮ್ಮ ಕಣ್ಣು ಮಗುವಿನ ಮುಖದ ಮೇಲಿತ್ತು. ರೆಪ್ಪೆ ಮುಚ್ಚುತ್ತಿದೆಯಾ, ಉಸಿರು ನಿಧಾನ ಆಯಿತಾ ಎಂದು ನೋಡುತ್ತಿದ್ದಿರಿ. ಬಾಯಿ ಹಾಡುತ್ತಿತ್ತು, ಕಣ್ಣು ನೋಡುತ್ತಿತ್ತು. ಎರಡು ಕೆಲಸ ಮಾಡುತ್ತಿದ್ದೇನೆ ಎಂದು ಒಂದು ದಿನವೂ ಅನಿಸಿರುವುದಿಲ್ಲ. ಹಾಡೇ ನಿಮ್ಮನ್ನು ಅಲ್ಲಿ ಕೂರಿಸಿತ್ತು.

ಜಪಸರದಲ್ಲಿ ನಮೋ ಮರಿಯೆಯ ಕೆಲಸ ಇಷ್ಟೇ. ಪ್ರತಿ ಸಲ ಪ್ರತಿ ಪದದ ಅರ್ಥವನ್ನು ಹಿಂಡಬೇಕಾಗಿಲ್ಲ. ಆ ಮಾತು ಹರಿಯುತ್ತಿರಲಿ. ಅದು ಹರಿಯುವಷ್ಟು ಹೊತ್ತು ನೀವು ಒಂದು ಮುಖ ನೋಡುತ್ತಾ ಕೂರಿ. ಯೇಸುವಿನ ಮುಖ, ತಾಯಿಯ ಪಕ್ಕದಲ್ಲಿ ಕೂತು ನೋಡಿದ ಹಾಗೆ. ನಡೆದದ್ದನ್ನೆಲ್ಲ ಮರಿಯಮ್ಮನವರು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು ಎಂದು ಬೈಬಲಿನಲ್ಲಿ ಲೂಕ ತನ್ನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಎರಡು ಸಲ ಹೇಳುತ್ತಾನೆ. ನನ್ನ ಮಟ್ಟಿಗೆ ಜಪಸರ ಹುಟ್ಟಿದ್ದು ಅಲ್ಲೇ. ಹಸು ಮೆಲುಕು ಹಾಕಿದ ಹಾಗೆ ಒಬ್ಬ ತಾಯಿ ಮಗನ ಬದುಕನ್ನು ಮೆಲುಕು ಹಾಕುತ್ತಿದ್ದರು. ನಾವು ಅವರ ಪಕ್ಕ ಹೋಗಿ ಕೂರುತ್ತೇವೆ.

ಮಣಿ ಯಾಕೆ ಹಾಗಾದರೆ? ಕೈಗೆ ಕೆಲಸ ಕೊಡಲು. ಗಾಂಧಿ ಬಜಾರಿನಲ್ಲಿ ಹೂ ಕಟ್ಟುವವರನ್ನು ನೋಡಿ. ಬೆರಳು ತಾನಾಗಿ ಮಲ್ಲಿಗೆ ಜೋಡಿಸಿ ಗಂಟು ಹಾಕುತ್ತಿರುತ್ತದೆ. ಅವರು ಗಿರಾಕಿಯ ಮುಖ ನೋಡಿ ಮಾತಾಡುತ್ತಿರುತ್ತಾರೆ. ಬೆರಳು ಎಣಿಸಿಕೊಂಡರೆ ತಲೆ ಎಣಿಸಬೇಕಾಗಿಲ್ಲ. ಜಪಸರಕ್ಕೆ ಲ್ಯಾಟಿನ್ ಭಾಷೆಯಲ್ಲಿ ಇರುವ ಹೆಸರಿನ ಅರ್ಥ ಗುಲಾಬಿ ತೋಟ. ನಮ್ಮ ಕನ್ನಡದಲ್ಲಿ ಅದು ಸರ ಆಯಿತು. ಹೂವಿನ ಸರದ ಸರವೇ. ನನಗೆ ನಮ್ಮ ಹೆಸರೇ ಇಷ್ಟ.

ಒಂದು ಹಳೆಯ ಕಥೆ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಕೈಗೆ ಸಿಗುವ ಉತ್ತರ ಅದರಲ್ಲಿದೆ. ಮಧ್ಯಯುಗದ ಯೂರೋಪಿನಲ್ಲಿ ಮಠದ ಸನ್ಯಾಸಿಗಳು ಬೈಬಲಿನ 150 ಕೀರ್ತನೆಗಳನ್ನು ಹಾಡುತ್ತಿದ್ದರು. ಓದು ಬಾರದ ಜನ ಅದರ ಬದಲಿಗೆ 150 ಸಲ ಯೇಸು ಕಲಿಸಿದ ಪರಲೋಕ ಪ್ರಾರ್ಥನೆಯನ್ನೋ ನಮೋ ಮರಿಯೆಯನ್ನೋ ಹೇಳುತ್ತಿದ್ದರು. ಎಣಿಸಲು ಗಂಟು ಹಾಕಿದ ದಾರ, ಮಣಿ. ಆಗ ನಮೋ ಮರಿಯೆ ಈಗಿನಷ್ಟು ಉದ್ದ ಇರಲಿಲ್ಲ. ಯೇಸುವಿನ ಹೆಸರು ಬರುವಲ್ಲಿಗೆ ಮುಗಿದುಹೋಗುತ್ತಿತ್ತು. ‘ಸಂತ ಮರಿಯೆ’ ಎಂದು ಶುರುವಾಗುವ ಎರಡನೆಯ ಭಾಗ ಇಂದಿನ ರೂಪದಲ್ಲಿ ಗಟ್ಟಿಯಾದದ್ದು 1568ರಲ್ಲಿ, ಪೋಪ್ ಐದನೆಯ ಪಿಯುಸ್ ಹೊರತಂದ ಪ್ರಾರ್ಥನಾ ಪುಸ್ತಕದಲ್ಲಿ.

15ನೇ ಶತಮಾನದ ಮೊದಲ ಭಾಗದಲ್ಲಿ ಜರ್ಮನಿಯ ಟ್ರಿಯರ್ ಊರಿನ ಕಾರ್ತೂಸಿಯನ್ ಮಠದಲ್ಲಿ ಡೊಮಿನಿಕ್ ಎಂಬ ಸನ್ಯಾಸಿ ಇದ್ದರು. ಪ್ರಷ್ಯದ ಡೊಮಿನಿಕ್ ಎನ್ನುತ್ತಾರೆ. ಜಪಸರದ ಮಾತು ಬಂದಾಗ ನಾವು ಸಾಮಾನ್ಯವಾಗಿ ನೆನೆಯುವ ಸಂತ ಡೊಮಿನಿಕ್ ಇವರಲ್ಲ, ಇವರು ಬೇರೆ. ಇವರು ಒಂದು ಸಣ್ಣ ಕೆಲಸ ಮಾಡಿದರು. 50 ನಮೋ ಮರಿಯೆಗೆ 50 ಚಿಕ್ಕ ಸಾಲುಗಳನ್ನು ಬರೆದು, ಒಂದೊಂದರ ಕೊನೆಯಲ್ಲಿ ಯೇಸುವಿನ ಹೆಸರಿಗೆ ಅಂಟಿಸಿದರು. ಒಂದು ಮಣಿಗೆ ಕೊಟ್ಟಿಗೆಯಲ್ಲಿ ಹುಟ್ಟಿದ ಯೇಸು, ಇನ್ನೊಂದಕ್ಕೆ ಶಿಲುಬೆ ಹೊತ್ತ ಯೇಸು, ಹೀಗೆ. ಮಣಿ ಜರುಗಿದ ಹಾಗೆ ಬದುಕೂ ಜರುಗುತ್ತಿತ್ತು. ನಾವು ಇವತ್ತು ರಹಸ್ಯ ಎಂದು ಕರೆಯುವುದರ ಹಿಂದೆ ಇಂಥ ಚಿಕ್ಕ ಸಾಲುಗಳಿವೆ. ಆಮೇಲೆ 50 ಸಾಲು ನೆನಪಿಡುವುದು ಜನರಿಗೆ ಕಷ್ಟವಾಗಿ, ಹತ್ತು ಮಣಿಗೆ ಒಂದೇ ಘಟನೆ ಎಂಬ ರೂಢಿ ನಿಂತಿತು. ಆದರೆ ಜರ್ಮನ್ ಮಾತಾಡುವ ಸೀಮೆಯಲ್ಲಿ ಜನ ಇಂದಿಗೂ ಪ್ರತಿ ನಮೋ ಮರಿಯೆಯಲ್ಲಿ ಯೇಸುವಿನ ಹೆಸರಿನ ಜೊತೆ ಆ ದಿನದ ರಹಸ್ಯದ ಒಂದು ಸಾಲು ಸೇರಿಸುತ್ತಾರೆ. ಪೋಪ್ ಆರನೆಯ ಪೌಲ್ 1974ರಲ್ಲಿ ಈ ರೂಢಿಯನ್ನು ನೆನೆದರು. 2002ರಲ್ಲಿ ಎರಡನೆಯ ಜಾನ್ ಪಾಲ್ ಜಪಸರದ ಬಗ್ಗೆ ಬರೆದ ಪತ್ರದಲ್ಲಿ ಇದನ್ನು ಮೆಚ್ಚಿಕೊಂಡರು. ಯೇಸುವಿನ ಹೆಸರು ನಮೋ ಮರಿಯೆಗೆ ನಡುಗಂಬ ಇದ್ದ ಹಾಗೆ ಎಂಬುದು ಆ ಪತ್ರದ ತಿರುಳು.

ಇದನ್ನು ನಾನು ಕನ್ನಡದಲ್ಲಿ ಮಾಡಿ ನೋಡಿದ್ದೇನೆ. ಎಷ್ಟು ಚೆನ್ನಾಗಿ ಕೂರುತ್ತದೆ ಗೊತ್ತಾ! ಜರ್ಮನ್ ಥರದ ಭಾಷೆಗಳಲ್ಲಿ ಯೇಸು ಎಂದ ಮೇಲೆ ಸಾಲನ್ನು ಹಿಂದೆ ನೇತುಹಾಕಬೇಕು. ಕನ್ನಡದಲ್ಲಿ ಸಾಲು ಮುಂದೆ ಬರುತ್ತದೆ, ಹೆಸರು ಕೊನೆಯಲ್ಲಿ. ‘ನಮಗಾಗಿ ರಕ್ತದ ಬೆವರು ಸುರಿಸಿದ ಯೇಸು.’ ‘ಕಾನಾ ಊರಿನ ಮದುವೆಯಲ್ಲಿ ನಿಮ್ಮ ಮಾತು ಕೇಳಿದ ಯೇಸು.’ ಮೆಟ್ಟಿಲು ಹತ್ತಿ ಹೋಗಿ ಬಾಗಿಲು ತೆರೆದ ಹಾಗೆ, ಸಾಲಿನ ತುದಿಯಲ್ಲಿ ಆ ಹೆಸರು ಸಿಗುತ್ತದೆ. ಚರ್ಚಿನಲ್ಲಿ, ವಾರ್ಡಿನ ಕೂಟದಲ್ಲಿ ಎಲ್ಲರ ಜೊತೆ ಹೇಳುವಾಗ ಎಲ್ಲರೂ ಹೇಳುವ ಪಾಠವನ್ನೇ ಹೇಳಿ, ಒಬ್ಬರೇ ಬೇರೆ ಸಾಲು ಸೇರಿಸಿದರೆ ಪಕ್ಕದವರಿಗೆ ತೊಡಕು. ಆದರೆ ಒಬ್ಬರೇ ಕೂತಾಗ ಇದನ್ನು ಸೇರಿಸಿ ನೋಡಿ. ಬಾಯಿಗೂ ಮನಸ್ಸಿಗೂ ನಡುವೆ ಇರುವ ಸಣ್ಣ ಸೇತುವೆ ಇದು. ಹತ್ತು ಸಲ ಆ ಹೆಸರಿನ ಹತ್ತಿರ ಮನಸ್ಸನ್ನು ವಾಪಸ್ ಕರೆಯುತ್ತದೆ.

ನನ್ನ ಅಜ್ಜಿಗೆ ಈ ಇತಿಹಾಸ ಏನೂ ಗೊತ್ತಿರಲಿಲ್ಲ. ಓದು ಬರಹ ಬರುತ್ತಿರಲಿಲ್ಲ. ಕನಕಪುರದ ಕಡೆಯ ಹಾರೋಬೆಲೆಯವರು. ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಮೊಣಕಾಲೂರಿ ಜಪ. ದುಃಖದ ರಹಸ್ಯ, ಅಂದರೆ ಯೇಸುವಿನ ಪಾಡು, ಬಂದರೆ ಅಜ್ಜಿಯ ದನಿಯೇ ಬೇರೆ ಆಗುತ್ತಿತ್ತು. ಒಮ್ಮೆ ಕೇಳಿದೆ, ಅಜ್ಜಿ, ನಿನಗೆ ಅದೆಲ್ಲ ಹೇಗೆ ಕಾಣುತ್ತದೆ ಎಂದು. ‘ನಾನು ನೋಡಿದೀನಲ್ಲವ್ವಾ’ ಎಂದರು. ಹಾರೋಬೆಲೆಯಲ್ಲಿ ಶುಭ ಶುಕ್ರವಾರದ ಸಮಯದಲ್ಲಿ ಕಪಾಲಬೆಟ್ಟದಲ್ಲಿ ಊರಿನವರೇ ಯೇಸುವಿನ ಪಾಡಿನ ನಾಟಕ ಆಡುತ್ತಾರೆ. ಮಹಿಮೆ ಎಂದೇ ಅದರ ಹೆಸರು. ಅಜ್ಜಿ ಚಿಕ್ಕ ಹುಡುಗಿಯಾಗಿದ್ದಾಗಿನಿಂದ ವರ್ಷ ವರ್ಷ ಅದನ್ನು ನೋಡಿದವರು. ಶಿಲುಬೆ ಹೊತ್ತವನು ಬಿದ್ದಾಗ ಎದ್ದ ಧೂಳು, ನೆರೆದ ಹೆಂಗಸರ ಅಳು, ಬೆಟ್ಟದ ಬಿಸಿಲು, ಎಲ್ಲ ಅವರ ಕಣ್ಣಲ್ಲಿತ್ತು. ಮಣಿ ಹಿಡಿದರೆ ಆ ಬೆಟ್ಟ ಎದ್ದು ಬರುತ್ತಿತ್ತು. ಅವರಿಗೆ ಧ್ಯಾನ ಎಂಬ ಪದವೂ ಬೇಕಾಗಿರಲಿಲ್ಲ. ನೋಡಿದ್ದನ್ನು ಮತ್ತೆ ನೋಡುತ್ತಿದ್ದರು.

ಹಾಗಾಗಿ ನಾನು ಹೇಳುವುದು ಇದು. ಮನಸ್ಸಿಗೆ ನೋಡಲು ಏನಾದರೂ ಕೊಡಿ. ಐದು ರಹಸ್ಯಗಳ ಹೆಸರನ್ನು ಮಾತ್ರ ಓದಿ ಓಡಿದರೆ ಮನಸ್ಸಿಗೆ ಕಾಣುವುದು ಏನೂ ಇಲ್ಲ. ಖಾಲಿ ಗೋಡೆ ಎಷ್ಟು ಹೊತ್ತು ನೋಡುತ್ತದೆ? ಆಫೀಸಿನ ಕಡೆ ತಿರುಗುತ್ತದೆ. ಅದು ನಿಮ್ಮ ಭಕ್ತಿಯ ಕೊರತೆ ಅಲ್ಲ.

ನಾಳೆ ಒಂದು ರಹಸ್ಯ ಮಾತ್ರ ತೆಗೆದುಕೊಳ್ಳಿ. ಸಂತೋಷದ ರಹಸ್ಯಗಳಲ್ಲಿ ಎರಡನೆಯದು, ಮರಿಯಮ್ಮನವರು ತಮ್ಮ ನೆಂಟರಾದ ಎಲಿಜಬೇತಮ್ಮನವರನ್ನು ನೋಡಲು ಹೋದದ್ದು. ಕೆಂಗೇರಿಯಲ್ಲಿ ರೈಲು ಹತ್ತಿದ ಮೇಲೆ ಮೊಬೈಲಿನಲ್ಲಿ ಲೂಕನ ಶುಭಸಂದೇಶದ ಮೊದಲನೆಯ ಅಧ್ಯಾಯ ತೆರೆದು 39ರಿಂದ 45ನೇ ವಚನದವರೆಗೆ ಒಂದು ಸಲ ನಿಧಾನವಾಗಿ ಓದಿ. ಓದಿ ಮೊಬೈಲನ್ನು ಬ್ಯಾಗಿಗೆ ಹಾಕಿ. ಒಂದು ಸ್ಟೇಷನ್ ಹೋಗುವವರೆಗೆ ಸುಮ್ನೆ ಕೂರಿ. ಆಮೇಲೆ ಪರಲೋಕ ಪ್ರಾರ್ಥನೆ, ಆಮೇಲೆ ಮಣಿ.

ಏನು ನೋಡಬೇಕು? ಮೊದಲು ದಾರಿ. ಎಲಿಜಬೇತಮ್ಮನ ಊರು ಜೆರುಸಲೇಮಿನ ಹತ್ತಿರದ ಐನ್ ಕರೀಮ್ ಎಂಬುದು ಹಳೆಯ ನಂಬಿಕೆ. ನಜರೇತಿನಿಂದ ಅಲ್ಲಿಗೆ ಹೆಚ್ಚು ಕಡಿಮೆ ಬೆಂಗಳೂರಿನಿಂದ ಮೈಸೂರಿಗೆ ಇರುವಷ್ಟು ದೂರ. ಈಗಷ್ಟೇ ಬಸಿರಾದ ಹುಡುಗಿ ಅಷ್ಟು ದೂರ ಬೆಟ್ಟದ ಸೀಮೆಗೆ ಅವಸರವಾಗಿ ಹೊರಟರು ಎಂದು ಲೂಕ ಬರೆಯುತ್ತಾನೆ. ನೀವು ಕೂತ ರೈಲು ಮೈಸೂರು ರಸ್ತೆಯ ಪಕ್ಕದಲ್ಲೇ ಹೋಗುತ್ತದೆ. ಕಿಟಕಿಯಿಂದ ಆ ರಸ್ತೆ ನೋಡಿ. ಅಲ್ಲಿ ಆ ಹುಡುಗಿ ನಡೆಯುತ್ತಿರಲಿ.

ಆಮೇಲೆ ಯಾಕೆ ಹೊರಟರು ಎಂದು ನೋಡಿ. ಎಲಿಜಬೇತಮ್ಮ ವಯಸ್ಸಾದವರು, ಆರು ತಿಂಗಳ ಬಸುರಿ. ಮರಿಯಮ್ಮನವರು ಅಲ್ಲಿ ಸುಮಾರು ಮೂರು ತಿಂಗಳು ಇದ್ದರು. ಲೆಕ್ಕ ಹಾಕಿ. ಹೆರಿಗೆಯ ಹೊತ್ತಿನವರೆಗೆ ಆಯಿತು, ಅಲ್ವಾ? ನಮ್ಮ ಕಡೆ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸುರಿಗೆ ನೀರು ಕಾಯಿಸಿ ಕೊಡುವುದು, ಬಟ್ಟೆ ಒಗೆಯುವುದು, ರಾತ್ರಿ ಸೊಂಟ ನೋವು ಎಂದರೆ ಎದ್ದು ಕೂರುವುದು. ದೇವರ ಮಗನನ್ನು ಹೊತ್ತವರು ಮೊದಲು ಮಾಡಿದ್ದು ಇನ್ನೊಬ್ಬಳ ಮನೆಗೆಲಸ. ಇದನ್ನು ಒಂದು ಮಣಿಯಷ್ಟು ಹೊತ್ತು ನೋಡಿ. ನಿಮ್ಮ ಅಮ್ಮ ನಿಮ್ಮ ಬಾಣಂತನ ಮಾಡಿದ್ದು ನೆನಪಾದರೆ ಅದನ್ನು ತಳ್ಳಿಬಿಡಬೇಡಿ. ಆ ನೆನಪೂ ಆ ಮನೆಯೊಳಗೇ ಇದೆ.

ಆಮೇಲೆ ಬಾಗಿಲು. ಎಲಿಜಬೇತಮ್ಮ ಹೊಸ್ತಿಲಲ್ಲಿ ನಿಂತು ಗಟ್ಟಿಯಾಗಿ ಕೂಗಿ ಹೇಳುತ್ತಾರೆ, ಸ್ತ್ರೀಯರಲ್ಲೆಲ್ಲ ನೀನು ಧನ್ಯಳು, ನಿನ್ನ ಹೊಟ್ಟೆಯಲ್ಲಿರುವ ಕಂದ ಧನ್ಯ ಎಂದು. ಇಲ್ಲಿ ಸ್ವಲ್ಪ ನಿಲ್ಲಿ. ಇದೇ ಮಾತನ್ನು ತಾನೇ ನೀವು ಪ್ರತಿ ಮಣಿಯಲ್ಲಿ ಹೇಳುತ್ತಿರುವುದು? ನಮೋ ಮರಿಯೆಯ ಮೊದಲ ಸಾಲು ಗಬ್ರಿಯೇಲ ದೂತನದು. ಮುಂದಿನದು ಈ ಮುದುಕಿಯದು. ಈ ಒಂದು ರಹಸ್ಯದಲ್ಲಿ ಬಾಯಲ್ಲಿ ಇರುವುದೂ ಕಣ್ಣಿಗೆ ಕಾಣುವುದೂ ಒಂದೇ. ನೀವು ಎಲಿಜಬೇತಮ್ಮನ ಹೊಸ್ತಿಲಲ್ಲಿ ನಿಂತು, ಅವರ ಮಾತನ್ನು ಅವರ ಬಾಯಿಂದಲೇ ತೆಗೆದುಕೊಂಡು ಹೇಳುತ್ತಿದ್ದೀರಿ. ಬಾಯಿ ಒಂದು ಕಡೆ, ಮನಸ್ಸು ಒಂದು ಕಡೆ ಅನ್ನುವವರಿಗೆ ನಾನು ಮೊದಲು ಈ ರಹಸ್ಯವನ್ನೇ ಕೊಡುವುದು ಅದಕ್ಕೇ. ಯೇಸುವಿನ ಹೆಸರು ಬಂದಾಗ ‘ನೀವು ಹೊತ್ತುಕೊಂಡು ಬೆಟ್ಟ ಹತ್ತಿದ ಯೇಸು’ ಎಂದು ಸೇರಿಸಿ. ಹತ್ತು ಸಲವೂ ಅದೇ ಸಾಲು. ಬದಲಾಯಿಸಲು ಹೋಗಬೇಡಿ, ಬದಲಾಯಿಸಿದರೆ ತಲೆ ಮತ್ತೆ ಕೆಲಸಕ್ಕೆ ಇಳಿಯುತ್ತದೆ.

ಇಷ್ಟು ಮಾಡಲು ಏಳೆಂಟು ನಿಮಿಷ ಬೇಕು. ನಾಯಂಡಹಳ್ಳಿಯೋ ಮೈಸೂರು ರಸ್ತೆ ಸ್ಟೇಷನ್ನೋ ಬಂದಿರುತ್ತದೆ. ಮುಂದೆ ಮೆಜೆಸ್ಟಿಕ್ಕಿನಲ್ಲಿ ಜನ ನುಗ್ಗುವ ಹೊತ್ತಿಗೆ ನಿಮ್ಮ ಒಂದು ಹತ್ತುಮಣಿ ನೆಮ್ಮದಿಯಾಗಿ ಮುಗಿದಿರುತ್ತದೆ. ಒಂದು ತಿಂಗಳು ಬೆಳಗ್ಗೆ ಒಂದೇ ಹೇಳಿ. ಉಳಿದದ್ದನ್ನು ಸಂಜೆ ಬರುವಾಗ, ಮಲಗುವ ಮುಂಚೆ, ಆದಷ್ಟು. ಇದು ನನ್ನ ಸಲಹೆ. ಐದು ಹತ್ತುಮಣಿಯನ್ನು ಹತ್ತು ಹನ್ನೊಂದು ನಿಮಿಷದಲ್ಲಿ ಓಡಿಸುವವರ ಜೊತೆ ನಾನೂ ಓಡಿದ್ದೇನೆ. ಅಕ್ಟೋಬರ್ ತಿಂಗಳು ಜಪಸರದ ತಿಂಗಳು ಎಂದು ಮನೆಮನೆಗೆ ಹೋಗಿ ಹೇಳುವಾಗ ಮುಂದಿನ ಮನೆಗೆ ತಡವಾಯಿತು ಎಂದು ಒಬ್ಬರು ಮುಗಿಸುವ ಮೊದಲೇ ಇನ್ನೊಬ್ಬರು ಶುರು ಮಾಡುವುದುಂಟು. ಕೇಳುವವರಿಗೂ ನೋವು, ಹೇಳುವವರಿಗೂ ದಣಿವು. ಜಪಸರಕ್ಕೆ ಶಾಂತವಾದ ಲಯ ಬೇಕು, ನಿಂತು ನಿಂತು ಹೋಗುವ ನಡಿಗೆ ಬೇಕು ಎಂದು ಪೋಪ್ ಆರನೆಯ ಪೌಲ್ 1974ರಲ್ಲಿ ಬರೆದರು. ಧ್ಯಾನವಿಲ್ಲದ ಜಪಸರ ಆತ್ಮವಿಲ್ಲದ ದೇಹ ಎಂದೂ ಅಲ್ಲೇ ಹೇಳಿದರು. ಅವಸರದಲ್ಲಿ ಮೊದಲು ಹೋಗುವುದು ಆ ಆತ್ಮವೇ.

ಇಷ್ಟೆಲ್ಲ ಮಾಡಿದರೂ ಮನಸ್ಸು ಹೋಗುತ್ತದೆ. ಹೋಗಲಿ. ಹೋದದ್ದು ಗೊತ್ತಾದ ಕ್ಷಣ ಬೈದುಕೊಳ್ಳದೆ ಮುಂದಿನ ಮಣಿಗೆ ಬನ್ನಿ. ಹಿಂದಿನ ಮಣಿಗಳನ್ನು ಮತ್ತೆ ಹೇಳಬೇಡಿ. ಹಾಗೆ ಶುರು ಮಾಡಿದವರು ಒಂದೇ ಹತ್ತುಮಣಿಯನ್ನು ಮೂರು ಸಲ ಹೇಳಿ, ಸುಸ್ತಾಗಿ, ಕೊನೆಗೆ ಜಪಸರವನ್ನೇ ಬಿಟ್ಟದ್ದನ್ನು ನೋಡಿದ್ದೇನೆ. ಆದರೆ ಒಂದೇ ಯೋಚನೆ ಮತ್ತೆ ಮತ್ತೆ ಬಂದರೆ ಅದನ್ನು ಬೇರೆ ಥರ ನೋಡಿ. ಮಗನ ಸ್ಕೂಲಿನ ಚಿಂತೆ ಮೂರು ಸಲ ಬಂತು ಎಂದರೆ ಅದು ಪ್ರಾರ್ಥನೆಗೆ ಅಡ್ಡ ಬಂದಿಲ್ಲ, ಪ್ರಾರ್ಥನೆ ಬೇಕೆಂದು ಬಂದಿದೆ. ಮುಂದಿನ ಹತ್ತುಮಣಿಯನ್ನು ಮಗನ ಹೆಸರಿನಲ್ಲಿ ಹೇಳಿ. ಅವನನ್ನು ಕೈ ಹಿಡಿದು ಆ ಮನೆಯೊಳಗೆ ಕರೆದುಕೊಂಡು ಹೋಗಿ ಎಲಿಜಬೇತಮ್ಮನ ಪಕ್ಕ ಕೂರಿಸಿ.

ಕೆಲವು ದಿನ ಏನೂ ಕಾಣುವುದಿಲ್ಲ. ಹತ್ತು ವರ್ಷದ ಹಿಂದೆ ನನ್ನ ಯಜಮಾನರನ್ನು ಐಸಿಯುಗೆ ಸೇರಿಸಿದ್ದರು. ಇಡೀ ರಾತ್ರಿ ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಇಷ್ಟು ವರ್ಷ ಬೇರೆಯವರಿಗೆ ಧ್ಯಾನ ಹೇಳಿಕೊಟ್ಟವಳು ನಾನು. ಒಂದು ರಹಸ್ಯವೂ ಕಣ್ಣಿಗೆ ಬರಲಿಲ್ಲ. ನಮೋ ಮರಿಯೆ ಪೂರ್ತಿ ಹೇಳಲೂ ಆಗಲಿಲ್ಲ. ‘ಈಗಲೂ, ನಮ್ಮ ಮರಣದ ಸಮಯದಲ್ಲೂ’ ಎಂಬಲ್ಲಿಗೆ ಬಂದು ದನಿ ನಿಂತುಹೋಗುತ್ತಿತ್ತು. ಒಂದು ಮಣಿಯನ್ನು ಬೆರಳಲ್ಲಿ ಹಿಡಿದು ಬೆಳಗಿನ ತನಕ ಕೂತೆ. ಬೆಳಗಿನ ಜಾವ ನರ್ಸ್ ಬಂದು ಸ್ವಲ್ಪ ಕಣ್ಣು ಮುಚ್ಚಿ ಅಮ್ಮಾ ಎಂದಾಗ ಗೆತ್ಸೆಮನೆ ತೋಟ ನೆನಪಾಯಿತು. ಯೇಸು ಅಲ್ಲಿ ಒಬ್ಬರೇ ಮೊಣಕಾಲೂರಿದ್ದರು, ಶಿಷ್ಯರು ನಿದ್ದೆ ಹೋಗಿದ್ದರು. ಆ ದಿನದಿಂದ ಮೊದಲನೆಯ ದುಃಖದ ರಹಸ್ಯ, ಆ ತೋಟದ ಪ್ರಾರ್ಥನೆ, ನನಗೆ ಬೇರೆ ಆಗಿದೆ. ಯಜಮಾನರು ಹುಷಾರಾಗಿ ಮನೆಗೆ ಬಂದರು, ದೇವರ ದಯೆ. ಆದರೆ ಆ ರಾತ್ರಿ ನಾನು ಹಿಡಿದ ಒಂದು ಮಣಿ ಪ್ರಾರ್ಥನೆಯೇ ಆಗಿತ್ತು ಎಂಬುದರಲ್ಲಿ ನನಗೆ ಅನುಮಾನ ಇಲ್ಲ. ಅವರು ಬಾರದೆ ಇದ್ದಿದ್ದರೂ ಆಗಿರುತ್ತಿತ್ತು.

ನಿಮ್ಮ ಗೆಳತಿಯ ಮಾತಿಗೆ ಬರುತ್ತೇನೆ. ಮನಸ್ಸಿನ ಯೋಚನೆಗಳನ್ನು ಇಳಿಸಿ, ಉಸಿರು ಗಮನಿಸುತ್ತಾ ಕೂರುವುದನ್ನು ಅವರು ಧ್ಯಾನ ಎನ್ನುತ್ತಿರಬಹುದು. ಅದರಿಂದ ಅವರಿಗೆ ಒಳ್ಳೆಯದಾಗಿದ್ದರೆ ಸಂತೋಷ. ಜಪಸರದ ಧ್ಯಾನದಲ್ಲಿ ಎದುರಿಗೆ ಒಬ್ಬರು ಇರುತ್ತಾರೆ. ಅವರ ಜೊತೆ ಕೂರಲು ಹೋಗುತ್ತೇವೆ. ಉಸಿರಿನ ಲಯ ಇಲ್ಲೂ ಸಹಾಯ ಮಾಡುತ್ತದೆ. ಒಂದು ಉಸಿರಿಗೆ ಪ್ರಾರ್ಥನೆಯ ಒಂದೊಂದೇ ಪದ ಹೇಳುವ ಕ್ರಮವನ್ನು 16ನೇ ಶತಮಾನದಲ್ಲೇ ಲೊಯೋಲದ ಸಂತ ಇಗ್ನಾಸಿಯವರು ಹೇಳಿಕೊಟ್ಟಿದ್ದಾರೆ. ಧ್ಯಾನಕ್ಕೆ ಕೂರುವ ಮುಂಚೆ ಆ ಜಾಗವನ್ನು, ದಾರಿ ಉದ್ದವೋ ಗಿಡ್ಡವೋ, ಯೇಸು ಹುಟ್ಟಿದ ಗುಹೆ ಎತ್ತರವೋ ತಗ್ಗೋ ಎಂಬುದನ್ನೂ ಸೇರಿಸಿ, ಕಣ್ಣ ಮುಂದೆ ತಂದುಕೊಳ್ಳಿ ಎಂದವರೂ ಅವರೇ. ನಾನು ಮೇಲೆ ಹೇಳಿದ್ದರಲ್ಲಿ ಅವರ ಪಾಲು ಜಾಸ್ತಿ ಇದೆ.

ಅತ್ತಿಗೆ ಹೇಳುವ ಮಾತು ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದ 7ನೇ ವಚನ. ಅವರ ಜೊತೆ ಜಗಳ ಬೇಡ, ಅವರಿಗೂ ದೇವರ ವಾಕ್ಯದ ಮೇಲೆ ಪ್ರೀತಿ ಇದೆ. ಜಾಸ್ತಿ ಮಾತಾಡಿದರೆ ದೇವರು ಕೇಳುತ್ತಾನೆ ಎಂದುಕೊಂಡು ಸುಮ್ಮನೆ ಹರಟಬೇಡಿ ಎನ್ನುತ್ತಾರೆ ಯೇಸು ಅಲ್ಲಿ. ಅದೇ ಶುಭಸಂದೇಶದ 26ನೇ ಅಧ್ಯಾಯದ 44ನೇ ವಚನವನ್ನು ಅತ್ತಿಗೆಯ ಜೊತೆ ಕೂತು ಓದಿ. ಗೆತ್ಸೆಮನೆಯಲ್ಲಿ ಯೇಸು ಮೂರನೆಯ ಸಲವೂ ಹೋಗಿ ಅದೇ ಮಾತುಗಳಲ್ಲಿ ಪ್ರಾರ್ಥಿಸಿದರು. 136ನೇ ಕೀರ್ತನೆಯಲ್ಲಿ 26 ಸಾಲಿಗೆ 26 ಸಲ ‘ಅವರ ಪ್ರೀತಿ ಶಾಶ್ವತ’ ಎಂಬ ಅರ್ಥದ ಮಾತೇ ಬರುತ್ತದೆ. ತಪ್ಪಿರುವುದು ಮತ್ತೆ ಹೇಳುವುದರಲ್ಲಲ್ಲ, ಸಂಖ್ಯೆಯನ್ನು ಲಂಚದ ಹಾಗೆ ಒಡ್ಡುವುದರಲ್ಲಿ. ಆ ತಪ್ಪನ್ನು ನಾವೂ ಮಾಡಬಹುದು. ಅಷ್ಟರ ಮಟ್ಟಿಗೆ ಅತ್ತಿಗೆಯ ಎಚ್ಚರಿಕೆ ನನಗೂ ಬೇಕು, ನಿಮಗೂ ಬೇಕು.

ಐದು ಮುಗಿಸದಿದ್ದರೆ ಪಾಪವೇ? ಅಲ್ಲ. ಜಪಸರ ಭಾನುವಾರದ ಪೂಜೆಯ ಹಾಗೆ ಕಟ್ಟುಪಾಡಲ್ಲ. ಪ್ರೀತಿಯಿಂದ ಇಟ್ಟುಕೊಂಡ ಅಭ್ಯಾಸ. ಸೋಮವಾರ ಶನಿವಾರ ಸಂತೋಷದ, ಮಂಗಳವಾರ ಶುಕ್ರವಾರ ದುಃಖದ, ಬುಧವಾರ ಭಾನುವಾರ ಮಹಿಮೆಯ, ಗುರುವಾರ 2002ರಲ್ಲಿ ಸೇರಿದ ಬೆಳಕಿನ ರಹಸ್ಯಗಳು ಎಂಬ ಕ್ರಮವೂ ಸಹಾಯಕ್ಕೆ ಇರುವುದು. ಅಮ್ಮನ ನೆನಪಾಗಿ ಅಳು ಬಂದ ಸೋಮವಾರ ನಿಮಗೆ ದುಃಖದ ರಹಸ್ಯವೇ ಬೇಕೆನಿಸಿದರೆ ಅದನ್ನೇ ಹೇಳಿ.

ಇನ್ನು ಅಮ್ಮನ ಜಪಸರ. ಬಳಸಿ, ಖಂಡಿತ ಬಳಸಿ. ಒಂದು ಮಣಿ ಬಿದ್ದರೆ, ತಂತಿ ಕಿತ್ತರೆ ಆಶೀರ್ವಾದ ಹೋಗುವುದಿಲ್ಲ. ರಿಪೇರಿ ಮಾಡಿದ ಮೇಲೆ ಮತ್ತೆ ಆಶೀರ್ವಾದ ಮಾಡಿಸಲೇಬೇಕು ಎಂದೂ ಇಲ್ಲ. ಪೂರ್ತಿ ಪುಡಿಯಾಗಿ ಇನ್ನು ಬಳಸಲಾಗದು ಎಂಬ ಜಪಸರವನ್ನು ಮಾತ್ರ ಕಸಕ್ಕೆ ಹಾಕದೆ ಮಣ್ಣಿನಲ್ಲಿ ಹೂಳಬೇಕು, ಇಲ್ಲವೇ ಸುಡಬೇಕು. ನಿಮ್ಮದು ಆ ಸ್ಥಿತಿಯಲ್ಲಿಲ್ಲ. ಶಿವಾಜಿನಗರದ ಆರೋಗ್ಯ ಮಾತೆ ಬಸಿಲಿಕಾದ ಸುತ್ತಮುತ್ತ ಜಪಸರ ಮಾರುವ ಅಂಗಡಿಗಳಿವೆ. ಮಣಿ ಹಾಕಿ ತಂತಿ ಬಿಗಿ ಮಾಡಿಕೊಡುವವರು ಅಲ್ಲಿ ಇದ್ದಾರಾ ಎಂದು ಕೇಳಿ ನೋಡಿ. ಸೆಪ್ಟೆಂಬರ್ 8ರ ಹಬ್ಬಕ್ಕೆ ಮುಂಚಿನ ನೊವೇನಾ (ಒಂಬತ್ತು ದಿನದ ಪ್ರಾರ್ಥನೆ) ದಿನಗಳಲ್ಲಿ ಮಾತ್ರ ಹೋಗಬೇಡಿ, ಆ ನೂಕುನುಗ್ಗಲಿನಲ್ಲಿ ಇನ್ನೊಂದು ಮಣಿ ಹೋದೀತು. ಅಲ್ಲಿಯವರೆಗೆ ರೈಲಿನಲ್ಲಿ ಹತ್ತು ಸಣ್ಣ ಉಬ್ಬುಗಳಿರುವ ಜಪಸರದ ಉಂಗುರ ಹಾಕಿಕೊಳ್ಳಬಹುದು. ಜನಸಂದಣಿಯಲ್ಲಿ ಅದೇ ಸುಲಭ.

ಅಥವಾ ರಿಪೇರಿ ಮಾಡಿಸದೆಯೂ ಇಟ್ಟುಕೊಳ್ಳಬಹುದು. ನಾನಾಗಿದ್ದರೆ ಹಾಗೇ ಇಟ್ಟುಕೊಳ್ಳುತ್ತಿದ್ದೆ. ಬೆರಳು ಆ ಖಾಲಿ ಜಾಗಕ್ಕೆ ಬಂದಾಗ ಬರಿ ತಂತಿಯನ್ನು ಹಿಡಿದು ಒಂದು ನಮೋ ಮರಿಯೆ ಅಮ್ಮನಿಗಾಗಿ ಹೇಳಿ. ಆಮೇಲೆ ಮುಂದಿನ ಮಣಿಗೆ ಹೋಗಿ.